ಬಾಯಮ್ಮನ ರಿವರ್ಸ್ ಗೇರು

ಬಿಜೈಯಲ್ಲಿ ನಾವಿರುವ ಓಣಿ ಎಷ್ಟು ಇಕ್ಕಟ್ಟೆಂದರೆ, ಒಳಗೆ ಬಂದ ಕಾರು ಅಲ್ಲಿ ತಿರುಗುವಂತಿಲ್ಲ. ಬಂದ ದಾರಿಯಲ್ಲೇ ಹಿಂದೆ ಹಿಂದೆ ಹೋಗಿ ದೊಡ್ಡ ರಸ್ತೆ ಸೇರಬೇಕು. ಹಾಗಾಗಿ ಬೆಳಗಿನ ಕಾಫಿ ಹಿಡಿದು ಜಗಲಿಯಲ್ಲಿ ಕುಳಿತರೆ ಓಣಿಯ ಅಷ್ಟೂ ಕಾರುಗಳ ರಿವರ್ಸ್ ಗೇರಿನ ಸ್ವರ ಕೇಳುವ ಯೋಗ ನನಗೆ. ಈಚೆಗೆ ನನ್ನ ಕಿವಿ ಸ್ವಲ್ಪ ಮಂದ. ಒಳಗಿನಿಂದ ಸೊಸೆ "ಅತ್ತೆ, ಬೀನ್ಸ್ ಹೆಚ್ಚಿಕೊಡ್ತೀರಾ?" ಎಂದು ಕೇಳಿದ್ದು ಕೇಳಿಸುವುದಿಲ್ಲ, ಹೊರಗೆ ಗೇರು ಕೂಗಿದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಇದು ಎಂಥ ಕಿವುಡು ಎಂದು ಮನೆಯಲ್ಲಿ ಆಗಾಗ ಚರ್ಚೆ ನಡೆಯುತ್ತದೆ.

ಮೊನ್ನೆ ಎದುರು ಮನೆಯ ರೋಶನ್ ಹೊಸದಾಗಿ ಒಂದು ಹಳೆ ಕಾರು ಕೊಂಡ. ಮೊದಲ ದಿನವೇ ಓಣಿಯ ನಡುವೆ ಅದನ್ನು ನಿಲ್ಲಿಸಿ, ಮುಖ ಸಣ್ಣ ಮಾಡಿಕೊಂಡು ಇಳಿದು ಬಂದ. "ಟೀಚರ್, ಮುಂದೆ ಹೋಗುವಾಗ ಎಂತದೂ ಇಲ್ಲ. ಹಿಂದೆ ತೆಗೆಯುವಾಗ ಮಾತ್ರ ಕೂಗ್ತಾ ಉಂಟು ಮಾರ್ರೆ. ಗೇರ್‌ಬಾಕ್ಸ್ ಹೋಯಿತಾ ಎಂತ?" ಎಂದ. ನಾನು ಕಾಫಿ ಲೋಟ ಕೆಳಗಿಟ್ಟು, ಬಹಳ ಗಂಭೀರವಾಗಿ, "ಇನ್ನೊಮ್ಮೆ ತೆಗಿ, ಕೇಳುವ" ಎಂದೆ. ಅವನು ತೆಗೆದ. ಕೇಳಿದೆ.

"ಹೆದರಬೇಡ. ಮುಂದೆ ಹೋಗುವ ಗೇರಿನ ಹಲ್ಲುಗಳನ್ನು ಓರೆಯಾಗಿ ಕೊಯ್ದಿರ್ತಾರೆ. ಅವು ಜಾರಿಕೊಂಡು ಸದ್ದಿಲ್ಲದೆ ಕೂಡ್ತವೆ. ರಿವರ್ಸಿನದ್ದು ನೇರ ಹಲ್ಲು. ಅದು ಕೂಗಿಯೇ ಕೂಗ್ತದೆ. ಗೇರು ಹಾಕುವಾಗ ಕರಕರ ಅಂದರೆ ಅದು ನಿನ್ನ ಅವಸರ, ಕ್ಲಚ್ಚು ಒತ್ತಿ ಒಂದು ಉಸಿರು ಬಿಟ್ಟು ಹಾಕು. ಆದರೆ ದಿನಾ ಕೇಳುವ ಸ್ವರ ಬಿಟ್ಟು ಬೇರೆ ಸ್ವರ ಬಂತು ಅಂತಾದರೆ ಮಾತ್ರ ನಿಲ್ಲಿಸಿ ನೋಡು" ಎಂದೆ. ಅವನು ಕಣ್ಣರಳಿಸಿ, "ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟದ್ದು?" ಎಂದ. "ಹೆರಿಗೆ ಮಾಡಿಸುವವರು ಒಬ್ಬರು" ಎಂದೆ. ಅವನು ನಕ್ಕ. ಟೀಚರಿಗೆ ವಯಸ್ಸಾಯಿತು ಎಂದುಕೊಂಡಿರಬೇಕು.

ನನಗೆ ಕಾರು ಬಿಡಲು ಬರುವುದಿಲ್ಲ ಎಂಬುದನ್ನು ಅವನಿಗೆ ಹೇಳಲಿಲ್ಲ. ಸೈಕಲ್ಲೂ ಬರುವುದಿಲ್ಲ. ಕಲಿಯಬೇಕೆಂದು ಒಮ್ಮೆ ಹೊರಟು, ಹೊಯಿಗೆ ಬಜಾರಿನಲ್ಲಿ ಬಲೆ ಒಣಗಿಸಲು ಹಾಕಿದ್ದ ಕಂಬಗಳ ನಡುವೆ ಹೊಕ್ಕುಬಿಟ್ಟೆ, ಬಲೆಯ ಒಳಗಿನಿಂದ ನನ್ನನ್ನು ಬಿಡಿಸಿ ತೆಗೆಯಬೇಕಾಯಿತು. "ಇವತ್ತು ದೊಡ್ಡದೇ ಸಿಕ್ಕಿದೆ" ಎಂದು ಬಲೆಯ ಯಜಮಾನರು ಹೇಳಿದ್ದನ್ನು ನಮ್ಮ ಮನೆಯಲ್ಲಿ ಬಹಳ ಕಾಲ ಹೇಳಿಕೊಂಡು ನಕ್ಕರು. ಅಲ್ಲಿಗೆ ನನ್ನ ವಾಹನ ವಿದ್ಯೆ ಮುಗಿಯಿತು. ನನಗೆ ಗೊತ್ತಿರುವುದೆಲ್ಲ ಕೇಳಿ ತಿಳಿದದ್ದು, ಅದೂ ಒಂದೇ ಕಾರಿನಿಂದ.

ಆ ಕಾರು ಸಿಸಿಲಿಯಾ ಬಾಯಮ್ಮನದ್ದು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಬಾಯಮ್ಮ ಎನ್ನುತ್ತಿದ್ದರು. ನಮ್ಮ ಬೀದಿಯಲ್ಲಿ ಹೆಸರು ಸೇರಿಸದೆ ಬರೀ ಬಾಯಮ್ಮ ಎಂದರೆ ಅದು ಅವರೇ. ನಾವು ಮೀನಿನವರು. ನಮ್ಮ ಮನೆ ನದಿಯ ಬದಿಗೆ, ಅವರದ್ದು ನಮ್ಮ ಹಿತ್ತಿಲ ಆಚೆಗೆ. ನರ್ಸಿನ ಕೆಲಸ ಕಲಿತು ಬಂದವರು, ಮದುವೆಯಾಗಿರಲಿಲ್ಲ. ಮಂಗಳೂರಿನ ಅರ್ಧ ಮಕ್ಕಳನ್ನು ಹೊರಗೆ ತಂದದ್ದು ಅವರೇ ಎಂದು ನನ್ನ ಅಮ್ಮ ಹೇಳುತ್ತಿದ್ದರು. ಇನ್ನರ್ಧ ಮಕ್ಕಳು ಅವರು ಬರುವ ಮೊದಲೇ ಅವಸರ ಮಾಡಿದ್ದಂತೆ. ಅವರ ಅಣ್ಣ ಬೊಂಬಾಯಿಗೆ ಹೋಗುವಾಗ ತನ್ನ ಕಾರನ್ನು ಕೊಟ್ಟಿಗೆಯಲ್ಲಿ ಬಿಟ್ಟು ಹೋಗಿದ್ದ. ತಂಗಿ ಅದರ ಮೇಲೆ ತೆಂಗಿನ ಗರಿ ಮುಚ್ಚಿಟ್ಟು ಕಾಯುತ್ತಾಳೆ ಎಂದು ಅವನ ಲೆಕ್ಕ. ತಂಗಿ ಗರಿ ಸರಿಸಿ, ಒಳಗೆ ಕುಳಿತು, ಓಡಿಸಲು ಕಲಿತರು.

ಆ ಕಾಲದಲ್ಲಿ ಹೆಂಗಸು ಕಾರು ಬಿಡುವುದೆಂದರೆ ಜನ ಊಟ ಬಿಟ್ಟು ಬಂದು ನೋಡುವ ಸಂಗತಿ. ನೋಡಲು ಇನ್ನೂ ಒಂದು ಕಾರಣವಿತ್ತು. ಬಾಯಮ್ಮನ ಕಾರು ಬೆಟ್ಟವನ್ನು ಹಿಂದಕ್ಕೆ ಹತ್ತುತ್ತಿತ್ತು.

ಇದು ತಮಾಷೆಗೆ ಹೇಳುವ ಮಾತಲ್ಲ. ಆ ಕಾರಿನ ಪೆಟ್ರೋಲ್ ಟಾಂಕಿ ಸೀಟಿನ ಕೆಳಗಿತ್ತು. ಅಲ್ಲಿಂದ ಪೆಟ್ರೋಲು ತಾನಾಗಿಯೇ ಇಳಿದು ಮೂತಿಯಲ್ಲಿರುವ ಎಂಜಿನ್ನಿಗೆ ಹೋಗಬೇಕು. ಟಾಂಕಿ ತುಂಬಿದ್ದರೆ ತೊಂದರೆಯಿಲ್ಲ. ಆದರೆ ಆಗ ಯುದ್ಧದ ಕಾಲ. ಕೂಪನ್ನಿಗೆ ಸಿಗುವ ಪೆಟ್ರೋಲು ಟಾಂಕಿಯ ತಳ ಒದ್ದೆ ಮಾಡಲು ಮಾತ್ರ ಸಾಕು. ಏರು ಬಂದು ಮೂತಿ ಮೇಲಾಯಿತೆಂದರೆ ಎಂಜಿನ್ ಮೇಲೆ, ಪೆಟ್ರೋಲು ಕೆಳಗೆ. ಕಾರು ಕೆಮ್ಮಿ ನಿಂತುಬಿಡುತ್ತಿತ್ತು. ಬಾಯಮ್ಮ ಅದಕ್ಕೆ ಉಪಾಯ ಕಂಡುಕೊಂಡಿದ್ದರು. ಏರಿನ ಬುಡದಲ್ಲಿ ಕಾರನ್ನು ತಿರುಗಿಸಿ, ರಿವರ್ಸ್ ಹಾಕಿ, ಕುತ್ತಿಗೆ ಹಿಂದಕ್ಕೆ ಹೊರಳಿಸಿ ಹತ್ತುವುದು. ಆಗ ಟಾಂಕಿ ಮೇಲೆ, ಎಂಜಿನ್ ಕೆಳಗೆ. ಕುಲಶೇಖರದ ಏರು, ಕದ್ರಿಯ ಏರು, ಎಲ್ಲವನ್ನೂ ಅವರು ಬೆನ್ನು ಮುಂದಾಗಿಯೇ ಹತ್ತಿದರು.

ಆ ರಿವರ್ಸ್ ಗೇರಿನ ಕೂಗು ಇದೆಯಲ್ಲ, ಅದನ್ನು ಹೇಗೆ ಹೇಳಲಿ? "ಊಂ" ಎಂದು ಕೆಳಗಿನಿಂದ ಎದ್ದು, ಕಾರು ಏರಿದ ಹಾಗೆ ತಾನೂ ಏರಿ, ಬೆಟ್ಟದ ತುದಿಯಲ್ಲಿ ನಿಲ್ಲುತ್ತಿತ್ತು. ನಮ್ಮ ಬೀದಿಯ ಮಕ್ಕಳು ಮೂಗು ಹಿಡಿದುಕೊಂಡು ಆ ಸ್ವರ ಹೊರಡಿಸುತ್ತಾ ಹಿಂದೆ ಹಿಂದೆ ನಡೆಯುವ ಒಂದು ಆಟ ಮಾಡಿಕೊಂಡಿದ್ದರು, ಬಿದ್ದವರು ಔಟು. ಏರಿನ ಇಕ್ಕೆಲದ ಮನೆಗಳಲ್ಲಿ ಆ ಕೂಗು ಕೇಳಿದ ಕೂಡಲೇ ಹೆಂಗಸರು ಹೊರಗೆ ಬಂದು, "ಯಾರಿಗೆ ನೋವು ಶುರುವಾದದ್ದು?" ಎಂದು ಒಬ್ಬರಿಗೊಬ್ಬರು ಕೇಳುತ್ತಿದ್ದರು. ಬಾಯಮ್ಮ ತಮಾಷೆಗೆ ಬೆಟ್ಟ ಹತ್ತುವವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನೋವು ತಿನ್ನುತ್ತಾ ಮಲಗಿದವಳಿಗೆ ಮಾತ್ರ ಅದು ಬೇರೆಯೇ ಆಗಿ ಕೇಳುತ್ತಿತ್ತಂತೆ. "ಆ ಊಂ ಕೇಳಿದರೆ ಅರ್ಧ ಹೆತ್ತ ಹಾಗೆ" ಎಂದು ಹೆತ್ತವರೇ ಹೇಳಿದ್ದನ್ನು ನಾನು ಕೇಳಿದ್ದೇನೆ.

ಈಗ ನನ್ನ ಸೋದರಮಾವನ ವಿಷಯಕ್ಕೆ ಬರಬೇಕು. ಬಾರದೆ ಕತೆ ಮುಂದೆ ಹೋಗುವುದಿಲ್ಲ, ಹಿಂದೆಯೂ ಹೋಗುವುದಿಲ್ಲ. ಸೋಮಪ್ಪ ಮಾವ ನಮ್ಮ ಮನೆಯ ಯಜಮಾನರು. ನದಿಯ ದಂಡೆಯಲ್ಲಿ ಅವರದ್ದೊಂದು ಮೀನೆಣ್ಣೆ ಕಾಯಿಸುವ ಕೊಟ್ಟಿಗೆ. ಬೂತಾಯಿ ಮೀನು ರಾಶಿ ಬಿದ್ದ ಕಾಲದಲ್ಲಿ ಅದನ್ನು ಹಂಡೆಯಲ್ಲಿ ಬೇಯಿಸಿ ಎಣ್ಣೆ ತೆಗೆಯುವುದು. ದೋಣಿಯ ಮರಕ್ಕೆ ಅದನ್ನು ಬಳಿದರೆ ಉಪ್ಪುನೀರಿಗೆ ಮರ ಕೊಳೆಯುವುದಿಲ್ಲ. ಆ ಕೊಟ್ಟಿಗೆಯ ವಾಸನೆಯಲ್ಲೇ ನಾನು ದೊಡ್ಡವಳಾದದ್ದು. ಟೀಚರ್ ಟ್ರೈನಿಂಗಿಗೆ ಸೇರಿದ ಮೇಲೆ, ಕೊಡಿಯಾಲ್‌ಬೈಲಿನ ಹುಡುಗಿಯರು ಕಿಟಕಿಯ ಹತ್ತಿರದ ಜಾಗವನ್ನು ಯಾವಾಗಲೂ ನನಗೇ ಬಿಟ್ಟುಕೊಡುತ್ತಿದ್ದುದು ಪ್ರೀತಿಯಿಂದ ಎಂದು ಬಹಳ ದಿನ ತಿಳಿದಿದ್ದೆ.

ಮಾವನಿಗೆ ತಮ್ಮ ಎಣ್ಣೆಯ ಮೇಲೆ ಅಪಾರ ನಂಬಿಕೆ. ಬಾಗಿಲು ಕಿರುಗುಟ್ಟಿದರೆ ಅದೇ ಎಣ್ಣೆ, ಮಂಡಿ ನೋವಿಗೆ ಅದೇ, ಎಮ್ಮೆಯ ಗಾಯಕ್ಕೂ ಅದೇ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಬಾಯಮ್ಮ ಬೇಲಿಯ ಆಚೆ ನಿಂತು, "ಗೇರಿನ ಪೆಟ್ಟಿಗೆಗೆ ಹಾಕುವ ಎಣ್ಣೆ ಊರಲ್ಲೇ ಇಲ್ಲ ಸೋಮಪ್ಪಣ್ಣ. ಎಲ್ಲ ಯುದ್ಧಕ್ಕೆ ಹೋಗಿದೆಯಂತೆ. ಗಾಡಿ ರಿಪೇರಿ ಮಾಡುವ ಮೇಸ್ತ್ರಿಯೂ ಮಿಲಿಟರಿಗೆ ಹೋದ. ಏನು ಮಾಡುದು ಗೊತ್ತಾಗುದಿಲ್ಲ" ಎಂದರು. (ನಾವೆಲ್ಲ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ.) ಮಾವ ಎದೆ ಉಬ್ಬಿಸಿ, "ಎಣ್ಣೆ ಇಲ್ಲ ಅಂತ ನನ್ನ ಹತ್ತಿರ ಹೇಳುದಾ ಬಾಯಮ್ಮ? ಸಮುದ್ರದಲ್ಲಿ ದೋಣಿಯನ್ನೇ ಕಾಯುವ ಎಣ್ಣೆ ಉಂಟು ನನ್ನಲ್ಲಿ!" ಎಂದರು. ಬೇರೆ ದಾರಿಯಿರಲಿಲ್ಲ. ಬಾಯಮ್ಮ ಒಪ್ಪಿದರು.

ಮೊದಲ ಕೆಲವು ದಿನ ಮಾವನ ಎಣ್ಣೆ ಗೆದ್ದಿತು. ಕಾರು ಹಿಂದೆಂದೂ ಇಲ್ಲದಷ್ಟು ಮೆತ್ತಗಾಯಿತು. ರಿವರ್ಸಿನ ಕೂಗು ಕೂಡ ತಗ್ಗಿ, ಏರಿನ ಹೆಂಗಸರು "ಬಾಯಮ್ಮ ಹೋದದ್ದೇ ಗೊತ್ತಾಗಲಿಲ್ಲ" ಎಂದು ದೂರು ಹೇಳಿದರು. ಮಾವ ಬಂದವರಿಗೆಲ್ಲ ಈ ಸುದ್ದಿ ಹೇಳುತ್ತಾ, ಬಸ್ಸಿನ ಕಂಪನಿಗಳಿಗೆ ಎಣ್ಣೆ ಮಾರುವ ಯೋಚನೆಯನ್ನೂ ಮಾಡಿದರು. ಒಂದೇ ತೊಂದರೆಯೆಂದರೆ ಬೆಕ್ಕುಗಳು. ಗೇರಿನ ಪೆಟ್ಟಿಗೆ ಬಿಸಿಯಾದರೆ ಬೂತಾಯಿ ಹುರಿದ ಪರಿಮಳ. ಕಾರು ಎಲ್ಲಿ ನಿಂತರೂ ಸುತ್ತಲಿನ ಬೆಕ್ಕುಗಳು ಬಂದು ಅದರ ಅಡಿಯಲ್ಲಿ ಕುಳಿತಿರುತ್ತಿದ್ದವು. ಭಾನುವಾರ ಇಗರ್ಜಿಯ ಅಂಗಳದಲ್ಲಿ ಪೂಜೆ ಮುಗಿಸಿ ಬಂದ ಬಾಯಮ್ಮ ಮೊದಲು ಬೆಕ್ಕುಗಳನ್ನು ಎಬ್ಬಿಸಿ, ಆಮೇಲೆ ಕಾರನ್ನು ಎಬ್ಬಿಸಬೇಕಾಗಿತ್ತು. ಪಾದ್ರಿಗಳು ನಕ್ಕು, "ಇಷ್ಟು ಭಕ್ತರು ನನಗೂ ಇಲ್ಲ" ಎಂದರಂತೆ.

ಇದೇ ಹೊತ್ತಿಗೆ ನನ್ನ ಅಕ್ಕ ಗಿರಿಜ ಬಸುರಿ. ಅವಳ ಮೊದಲ ಹೆರಿಗೆ ನಮ್ಮ ಮನೆಯಲ್ಲೇ ಆಗಿತ್ತು. ಆ ದಿನ ಬಾಯಮ್ಮ ಬೇರೆ ಕಡೆ ಹೋಗಿದ್ದರು, ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗು ಒಂದು ಸಲವೂ ಅಳಲಿಲ್ಲ. ಅದರ ನಂತರ ಅಕ್ಕ ನಗುವುದನ್ನು ನಾನು ನೋಡಿರಲಿಲ್ಲ. ಈ ಸಲ ಹಿರಿಯರು, ತಾಯಿಮನೆ ಬೇಡ, ಗಂಡನ ಮನೆಯಲ್ಲೇ ಆಗಲಿ ಎಂದರು. ಭಾವ ಕುಲಶೇಖರದ ಏರಿನ ಮೇಲೆ ಇದ್ದವರು, ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಅಕ್ಕ ಬಾಯಮ್ಮನ ಕೈ ಹಿಡಿದು, "ನೀವು ಬರ್ತೀರಿ ಅಂತಾದರೆ ನಾನು ಎಲ್ಲಿಯಾದರೂ ಸರಿ" ಎಂದಿದ್ದಳು. ಬಾಯಮ್ಮ ಹೊಟ್ಟೆ ಮುಟ್ಟಿ ನೋಡಿ ಬಂದವರು ಅಮ್ಮನನ್ನು ಬದಿಗೆ ಕರೆದು, "ಮಗು ತಿರುಗಿಲ್ಲ, ಕಾಲು ಕೆಳಗೆ ಉಂಟು. ತಿಂಗಳು ತುಂಬುವ ಮೊದಲೇ ಕೆಳಗೆ ಆಸ್ಪತ್ರೆಗೆ ಕರೆದುಕೊಂಡು ಬರುವ. ಅಷ್ಟರೊಳಗೆ ನೋವು ಬಂದರೆ ಒಂದು ನಿಮಿಷ ತಡ ಮಾಡಬಾರದು" ಎಂದರು. ಅಮ್ಮ ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ.

ಆ ವಾರವೇ ಕಾರಿನಿಂದ ಹೊಸ ಶಬ್ದ ಬರತೊಡಗಿತು.

ಮುಂದೆ ಹೋಗುವಾಗ ಏನೂ ಇಲ್ಲ. ರಿವರ್ಸ್ ಹಾಕಿದರೆ ಹಳೆಯ "ಊಂ" ಜೊತೆಗೆ ಒಂದು ಕೀರಲು, ಒಣಗಿದ ಬಾವಿಯ ರಾಟೆಯ ಹಾಗೆ. ನಮ್ಮ ಬೀದಿಯಲ್ಲಿ ಎಲ್ಲರೂ ಅದಕ್ಕೆ ಅರ್ಥ ಹೇಳಿದರು. ಬಸ್ಸಿನ ಡ್ರೈವರನ ಪ್ರಕಾರ ಹಲ್ಲು ಮುರಿದಿದೆ. ಸೈಕಲ್ ಅಂಗಡಿಯವನ ಪ್ರಕಾರ ಚಕ್ರದ ದೋಷ. "ಬೆಕ್ಕು ಏನಾದರೂ ಒಳಗೆ ಸಿಕ್ಕಿದೆಯಾ ನೋಡಿ" ಎಂದವರೂ ಇದ್ದರು. ಮಾವ ಮಾತ್ರ, "ಎಣ್ಣೆ ಕಡಿಮೆಯಾಗಿದೆ, ಇನ್ನೊಂದು ಡಬ್ಬ ಹಾಕುವ" ಎಂದರು. ನಾನು ಟ್ರೈನಿಂಗಿನಲ್ಲಿ ಕಲಿತ ವಿಜ್ಞಾನ ಪಾಠವನ್ನು ನೆನಪಿಸಿಕೊಂಡು ಗಾಳಿಯ ಒತ್ತಡದ ಬಗ್ಗೆ ಏನೋ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ಅದು ಒಳ್ಳೆಯದೇ ಆಯಿತು.

ಬಾಯಮ್ಮ ಯಾರೊಡನೆಯೂ ವಾದ ಮಾಡಲಿಲ್ಲ. ಒಳಗೆ ಹೋಗಿ ತಮ್ಮ ಚೀಲದಿಂದ ಮರದ ಕೊಳವೆ ತಂದರು. ಬಸುರಿಯ ಹೊಟ್ಟೆಗೆ ಒತ್ತಿ ಮಗುವಿನ ಎದೆಬಡಿತ ಕೇಳುವ ಕೊಳವೆ ಅದು. ಕಾರಿನ ನೆಲದ ಹಲಗೆ ತೆಗೆದು, ಬೀದಿಯ ಗಟ್ಟಿಗರು ನಾಲ್ಕೈದು ಮಂದಿಗೆ ಹಿಂದಿನ ಅಚ್ಚನ್ನು ಎತ್ತಿ, ಚಕ್ರ ನೆಲ ಮುಟ್ಟದ ಹಾಗೆ ಕಲ್ಲಿನ ಮೇಲೆ ಕೂರಿಸಲು ಹೇಳಿ, ರಿವರ್ಸ್ ಹಾಕಿ ಎಂಜಿನ್ನನ್ನು ಮೆಲ್ಲಗೆ ಓಡಬಿಟ್ಟರು. ಆಮೇಲೆ ಕೊಳವೆಯ ಒಂದು ತುದಿಯನ್ನು ಗೇರಿನ ಪೆಟ್ಟಿಗೆಗೂ ಇನ್ನೊಂದನ್ನು ಕಿವಿಗೂ ಇಟ್ಟು ಕಣ್ಣು ಮುಚ್ಚಿದರು. ಮುಂದೆ ಇಟ್ಟರು, ಬದಿಗೆ ಇಟ್ಟರು, ಕೆಳಗೆ ಹಿಂದಿನ ಮೂಲೆಯಲ್ಲಿ ಇಟ್ಟು ಬಹಳ ಹೊತ್ತು ಕೇಳಿದರು. ಬೀದಿಯೆಲ್ಲ ಉಸಿರು ಬಿಗಿ ಹಿಡಿದು ನಿಂತಿತ್ತು. ಸೈಕಲ್ ಅಂಗಡಿಯವನು ಮೆಲ್ಲಗೆ, "ಗಂಡಾ ಹೆಣ್ಣಾ?" ಎಂದ. ಬಾಯಮ್ಮನಿಗೂ ನಗು ಬಂತು.

"ಇದು ಹಲ್ಲಿನ ಶಬ್ದ ಅಲ್ಲ" ಎಂದರು. "ಹಲ್ಲು ಮುರಿದರೆ ಕಟಕಟ ಅಂತ ಬಿಟ್ಟು ಬಿಟ್ಟು ಬರ್ತಿತ್ತು. ಇದು ಬಿಡದೆ ಬರುದು. ಮುಂದೆ ಹೋಗುವಾಗ ಇಲ್ಲ. ಅಂದರೆ ಹಿಂದೆ ಹೋಗುವಾಗ ಮಾತ್ರ ಕೆಲಸ ಮಾಡುವ ಒಂದು ಸಣ್ಣ ಗಾಲಿ ಈ ಮೂಲೆಯಲ್ಲಿ ಉಂಟು. ಅದರ ನಡುವಿನ ತೂತಿಗೆ ಎಣ್ಣೆ ಹೋಗ್ತಾ ಇಲ್ಲ. ಅದು ಬಾಯಾರಿ ಕೂಗುದು." ಪೆಟ್ಟಿಗೆಯೊಳಗೆ ಎಣ್ಣೆ ತುಂಬಿರುವಾಗ ಬಾಯಾರುವುದೇನು ಎಂದು ಮಾವ ಕೇಳಿದರು. "ಅದನ್ನೇ ಶನಿವಾರ ಬಿಚ್ಚಿ ನೋಡುವ" ಎಂದರು ಬಾಯಮ್ಮ. ಕಿವಿಯಿಟ್ಟು ಕೇಳುವುದು, ಕೇಳಿದ್ದನ್ನು ತಾಳ್ಮೆಯಿಂದ ಬೇರೆ ಬೇರೆ ಮಾಡುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬಿಡುವುದು: ನನ್ನ ಟ್ರೈನಿಂಗಿನ ಎರಡು ವರ್ಷ ಒಂದು ಕಡೆ, ಆ ಒಂದು ಗಳಿಗೆ ಒಂದು ಕಡೆ. ಅವರ ಹಾಗೆ ಆಗಬೇಕೆಂದು ಅಂದು ನನಗೆ ತುಂಬ ಆಸೆಯಾಯಿತು.

ಶನಿವಾರ ಬರಲಿಲ್ಲ. ಅದಕ್ಕೆ ಮೊದಲೇ ಒಂದು ಮಧ್ಯಾಹ್ನ ಭಾವ ಸೈಕಲ್ಲಿನಲ್ಲಿ ಬೆವರು ಸುರಿಸುತ್ತಾ ಬಂದು, "ಶುರುವಾಗಿದೆ, ನೀರು ಹೋಗಿದೆ" ಎಂದು ಹೇಳಿ ಜಗಲಿಯಲ್ಲಿ ಕುಸಿದು ಕುಳಿತರು. ಅಮ್ಮನಿಗೆ ಜ್ವರ, ಏಳುವ ಹಾಗಿರಲಿಲ್ಲ. "ನೀನು ಹೋಗು" ಎಂದರು ನನಗೆ. ನಾನು ಬಾಯಮ್ಮನ ಪಕ್ಕ ಕುಳಿತೆ. ಮಾವ ಯಾರೂ ಕರೆಯದೆ ಹಿಂದಿನ ಸೀಟಿನಲ್ಲಿ ಕುಳಿತರು, ಮಡಿಲಲ್ಲಿ ಒಂದು ಡಬ್ಬ ಮೀನೆಣ್ಣೆ. "ದಾರಿಯಲ್ಲಿ ಬೇಕಾದರೆ" ಎಂದರು. ಭಾವ ಮತ್ತೆ ಸೈಕಲ್ ಹತ್ತಿದರು. ಹಂಪನಕಟ್ಟೆ ದಾಟಿದ ಮೇಲೆ ಬಾಯಮ್ಮ ನನ್ನ ಮುಖ ನೋಡಿ, "ಹೆದರಬೇಡ ಮಗಾ. ಮಗು ರಿವರ್ಸಿನಲ್ಲಿ ಬರುವಾಗ ನಾವೂ ರಿವರ್ಸಿನಲ್ಲಿ ಹೋಗುದು, ಅಷ್ಟೇ" ಎಂದರು. ನನಗೆ ನಗಲು ಆಗಲಿಲ್ಲ.

ಏರಿನ ಬುಡದಲ್ಲಿ ಕಾರು ತಿರುಗಿಸಿ ರಿವರ್ಸ್ ಹಾಕಿದರು. ಆ ಶಬ್ದ ಈಗಲೂ ನನ್ನ ಮೈಯಲ್ಲಿದೆ. ಊಂ ಇರಲೇ ಇಲ್ಲ. ಬರೀ ಕಿರುಚು, ಕಬ್ಬಿಣ ಕಬ್ಬಿಣವನ್ನು ತಿನ್ನುವ ಕಿರುಚು. ಸ್ವಲ್ಪ ದೂರ ಹತ್ತಿದ ಮೇಲೆ ಬಾಯಮ್ಮ ನಿಲ್ಲಿಸಿ, ಬ್ರೇಕು ಬಿಟ್ಟು ಮೆಲ್ಲಗೆ ಬುಡಕ್ಕೇ ಇಳಿಸಿದರು. "ಯಾಕೆ ನಿಲ್ಲಿಸಿದ್ದು? ಹೋಗುವ ಬಾಯಮ್ಮ, ಹೋಗುವ!" ಎಂದು ನಾನು ಅತ್ತುಬಿಟ್ಟೆ.

"ಹೀಗೇ ಹೋದರೆ ಅರ್ಧ ಏರಿನಲ್ಲಿ ಅದು ಕಚ್ಚಿಕೊಳ್ತದೆ. ಆಮೇಲೆ ಮುಂದೆಯೂ ಇಲ್ಲ ಹಿಂದೆಯೂ ಇಲ್ಲ" ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. "ನಡೆದು ಹೋದರೆ?" ಎಂದೆ. "ನಡೆದು ನಾನು ಮುಟ್ಟುವಾಗ ತಡವಾಗ್ತದೆ. ಮಗು ಬರುದು ನಿಂತರೆ, ನಿನ್ನ ಅಕ್ಕನನ್ನು ಇದರಲ್ಲೇ ಕೆಳಗೆ ತರಬೇಕು. ಗಾಡಿ ಮೇಲೆ ಬೇಕು" ಎಂದರು. ಅವರು ಕಾರಿನಡಿಗೆ ನುಸುಳಿ ಪೆಟ್ಟಿಗೆಯ ಕೆಳಗಿನ ಬಿರಡೆ ತೆಗೆದರು. ಎಣ್ಣೆ ಸುರಿಯಬೇಕಿತ್ತು, ಸುರಿಯಲಿಲ್ಲ. ಹಲಸಿನ ಮೇಣದ ಹಾಗೆ ಕಂದು ಅಂಟು ಒಂದು ನೂಲಾಗಿ ಇಳಿದು ನೇತಾಡಿತು. ಬಿಸಿಗೆ ಕಾದು ಕಾದು ಬೂತಾಯಿ ಎಣ್ಣೆ ಗೋಂದಾಗಿ, ಆ ಸಣ್ಣ ಗಾಲಿಯ ತೂತನ್ನು ಮುಚ್ಚಿಬಿಟ್ಟಿತ್ತು. ಮಾವ ಬೆರಳಿನಿಂದ ಮುಟ್ಟಿ, ಎಳೆದು, ಮೂಸಿ ನೋಡಿದರು. "ಇದು ದೋಣಿಗೇ ಆಗುದು" ಎಂದು ಮೆಲ್ಲಗೆ ಹೇಳಿ, ಡಬ್ಬವನ್ನು ಸೀಟಿನ ಹಿಂದೆ ಮರೆಮಾಡಿದರು.

ಅಷ್ಟರಲ್ಲಿ ಏರಿನ ಬುಡದ ಮನೆಗಳ ಹೆಂಗಸರು ರಸ್ತೆಗೆ ಬಂದಿದ್ದರು. ಕಾರಿನ ಪರಿಚಯ ಅವರಿಗೆ ನಮ್ಮಷ್ಟೇ. ಮೊದಲ ಮನೆಯ ಅಜ್ಜಿ, "ಎಂತ ಬಾಯಮ್ಮ, ಇವತ್ತು ಅದರ ಸ್ವರವೇ ಅಲ್ಲವಲ್ಲ? ಯಾರಿಗೆ?" ಎಂದರು. "ಮೇಲೆ, ಗುಮಾಸ್ತರ ಹೆಂಡತಿಗೆ. ಕಾಲು ಮುಂದೆ ಉಂಟು" ಎಂದರು ಬಾಯಮ್ಮ. "ಕಳೆದ ಸಲದ್ದು ಹೋದದ್ದು ಅವಳದ್ದೇ ಅಲ್ಲವಾ?" "ಹೌದು. ಈ ಅಂಟು ತೊಳೆಯಲಿಕ್ಕೆ ಚಿಮಿಣಿ ಎಣ್ಣೆ ಬೇಕಮ್ಮ. ಎಷ್ಟಿದ್ದರೂ ಆಗ್ತದೆ."

ಯುದ್ಧದ ಆ ದಿನಗಳಲ್ಲಿ ಚಿಮಿಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಎಂಥ ವಸ್ತುವೆಂದು ಈಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ರೇಷನ್ನಿನಲ್ಲಿ ಸಿಕ್ಕ ಒಂದು ಸಣ್ಣ ಬಾಟಲಿಯನ್ನು ಮನೆಯವರು ದೇವರ ಹಾಗೆ ಅಟ್ಟದಲ್ಲಿ ಇಡುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ದೀಪ, ಉಂಡ ಕೂಡಲೇ ಉಫ್. ಅಜ್ಜಿ ಒಳಗೆ ಹೋದರು. ಹೊರಗೆ ಬರುವಾಗ ಅವರ ಕೈಯಲ್ಲಿ ಬಾಟಲಿಯಿರಲಿಲ್ಲ, ಗೋಡೆಯ ದೀಪವೇ ಇತ್ತು. ಅದರ ಗಾಜು ತೆಗೆದು, ಬತ್ತಿಯ ಮುಚ್ಚಳ ತಿರುಗಿಸಿ, ಒಂದು ತಂಬಿಗೆಗೆ ಬಗ್ಗಿಸಿ, ಕೊನೆಯ ಹನಿ ಬೀಳುವವರೆಗೆ ಹಿಡಿದರು. ಬಾಟಲಿ ಮುಗಿದೇ ಹೋಗಿತ್ತೆಂದು ಆಗ ನನಗೆ ಗೊತ್ತಾಯಿತು. ಅವರ ಹಿಂದೆ ಪಕ್ಕದ ಮನೆಯವಳು, ಅವಳ ಹಿಂದೆ ಎದುರು ಮನೆಯವರು. ಒಬ್ಬಳು ಬತ್ತಿಯನ್ನೂ ಹಿಂಡಿದಳು. ಯಾರದ್ದು ಎಷ್ಟು ಎಂದು ಯಾರೂ ಕೇಳಲಿಲ್ಲ.

ಬಾಯಮ್ಮ ಅದನ್ನು ಗೇರಿನ ಪೆಟ್ಟಿಗೆಗೆ ಹೊಯ್ದು, ಸಮತಟ್ಟಿನಲ್ಲಿ ಕಾರನ್ನು ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ ಆಡಿಸಿದರು. ಕಿರುಚು ಮೆಲ್ಲ ಮೆಲ್ಲನೆ ಒಡೆಯಿತು. ಬಿರಡೆ ತೆಗೆದಾಗ ಕಪ್ಪು ನೀರಾಗಿ ಮಾವನ ಎಣ್ಣೆ ರಸ್ತೆಗೆ ಹರಿಯಿತು. ಅಡುಗೆಮನೆಯ ತೆಂಗಿನೆಣ್ಣೆಗೆ ಅಂಥ ಬರ ಇರಲಿಲ್ಲ, ಅದನ್ನು ತುಂಬಿದರು. ಬಾಯಮ್ಮ ಕೊಳವೆ ಇಟ್ಟು ಇನ್ನೊಮ್ಮೆ ಕೇಳಿದರು. ಸೀರೆಯ ತುಂಬ ಮಣ್ಣು, ಕೆನ್ನೆಯಲ್ಲಿ ಅಂಟು, ಕಣ್ಣು ಮುಚ್ಚಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನನ್ನ ಅಕ್ಕನ ಜೀವ ಆ ಕಿವಿಯಲ್ಲಿದೆ ಎಂದು ನನಗೆ ಅನಿಸಿತು. "ಹತ್ತಿ" ಎಂದರು.

ಕಾರು ಹಿಂದೆ ಹಿಂದೆ ಹತ್ತಿತು. ಮುಂದೆ ಕುಳಿತ ನನಗೆ ಕಾಣುತ್ತಿದ್ದದ್ದು ನಾವು ಬಿಟ್ಟು ಬಂದ ದಾರಿ ಮಾತ್ರ: ಖಾಲಿ ದೀಪ ಹಿಡಿದುಕೊಂಡು ರಸ್ತೆಯಲ್ಲಿ ನಿಂತ ಹೆಂಗಸರು, ಅವರು ಸಣ್ಣಗಾದ ಹಾಗೆ ಅವರ ಹಿಂದೆ ತೆಂಗಿನ ತಲೆಗಳು, ಅದರಾಚೆ ಸಮುದ್ರದ ಒಂದು ಗೆರೆ. ಹಾಗೂ ಕೆಳಗಿನಿಂದ ಎದ್ದು ಬರುತ್ತಿದ್ದ ಅದೇ ಹಳೆಯ ಊಂ. ಅಷ್ಟು ಚೆಂದದ ಶಬ್ದವನ್ನು ನಾನು ಆಮೇಲೆ ಯಾವ ಸಂಗೀತದಲ್ಲೂ ಕೇಳಿಲ್ಲ. ಮೇಲೆ ಕೋಣೆಯಲ್ಲಿ ಅಕ್ಕ ಅದನ್ನು ಕೇಳಿ, ಹಲ್ಲು ಕಚ್ಚಿ ಹಿಡಿದಿದ್ದ ಉಸಿರನ್ನು ಬಿಟ್ಟಳಂತೆ. ಅವಳೇ ಆಮೇಲೆ ಹೇಳಿದ್ದು.

ಒಳಗೆ ಏನು ನಡೆಯಿತೆಂದು ನಾನು ಬರೆಯುವುದಿಲ್ಲ. ನಾನು ಬಿಸಿನೀರು ಕಾಯಿಸುತ್ತಾ ಹೊರಗೆ ಇದ್ದೆ, ಮಾವ ಅಂಗಳದಲ್ಲಿ ಆಚೆಯಿಂದೀಚೆ ನಡೆಯುತ್ತಿದ್ದರು, ಭಾವ ಸೈಕಲ್ಲಿನ ಬೆಲ್ಲನ್ನು ಸುಮ್ಮನೆ ಉಜ್ಜುತ್ತಿದ್ದರು. ಬಾಯಮ್ಮನ ಸ್ವರ ಮಾತ್ರ ಆಗಾಗ ಕೇಳುತ್ತಿತ್ತು, "ಈಗ ಬೇಡ... ಈಗ ಬೇಡ... ಹಾಂ, ಈಗ." ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮಗು ಅತ್ತಿತು. ಮಾವ ಅಲ್ಲೇ ಅಂಗಳದಲ್ಲಿ ಕುಳಿತು, ಹೆಗಲ ಬೈರಾಸಿನಿಂದ ಮುಖ ಮುಚ್ಚಿಕೊಂಡು ತಾವೂ ಅತ್ತರು.

ಕತ್ತಲು ಕವಿಯುವ ಹೊತ್ತಿಗೆ, ಜ್ವರದಲ್ಲಿ ಮಲಗಿದ ಅಮ್ಮನಿಗೆ ಸುದ್ದಿ ಹೇಳಲು ನಾನು ಬಾಯಮ್ಮನ ಜೊತೆ ಇಳಿದು ಬಂದೆ. ಇಳಿಯುವಾಗ ಅವರು ಪೆಟ್ರೋಲು ಉಳಿಸಲು ಎಂಜಿನ್ ಬಂದ್ ಮಾಡುತ್ತಿದ್ದರು. ಸದ್ದಿಲ್ಲದೆ ಏರಿನ ಬುಡಕ್ಕೆ ಬಂದಾಗ, ಇಕ್ಕೆಲದ ಮನೆಗಳಲ್ಲಿ ಒಂದು ದೀಪವೂ ಇರಲಿಲ್ಲ. ದಿನಾ ಅದು ಊಟದ ಹೊತ್ತು, ಕಿಟಕಿಗಳಲ್ಲಿ ಹಳದಿ ಬೆಳಕು ಕಾಣುವ ಹೊತ್ತು. ಬಾಯಮ್ಮ ಬ್ರೇಕು ಒತ್ತಿ ನಿಲ್ಲಿಸಿದರು. ಆಗ ನನಗೆ ಕಂಡಿತು, ಕತ್ತಲೆಯಲ್ಲಿ ಒಂದೊಂದು ಜಗಲಿಯಲ್ಲೂ ಜನ ಕುಳಿತಿದ್ದರು.

"ಬಾಯಮ್ಮನಾ?" ಅಜ್ಜಿಯ ಸ್ವರ ಬಂತು.

"ಹೌದು."

"ಎಂತ ಆಯಿತು?"

"ಹೆಣ್ಣು ಮಗು. ಗಟ್ಟಿಯಾಗಿ ಅತ್ತಿತು. ತಾಯಿಗೂ ಸೌಖ್ಯ ಉಂಟು" ಎಂದರು ಬಾಯಮ್ಮ. ಆ ದಿನ ಮೊದಲ ಸಲ ಅವರ ಸ್ವರ ನಡುಗಿತು. "ನಿಮಗೆಲ್ಲ ಕತ್ತಲೆ ಮಾಡಿ ಹೋದೆ."

ಜಗಲಿಯಿಂದ ಜಗಲಿಗೆ, ಬಾಗಿಲಿನಿಂದ ಬಾಗಿಲಿಗೆ ಜನ ಏಳುವ ಸದ್ದು, ಒಳಗೆ ಬಟ್ಟಲು ತಾಗುವ ಸದ್ದು ಕೇಳಿತು. ಅಷ್ಟು ಹೊತ್ತಿನವರೆಗೆ ಯಾರೂ ಉಂಡಿರಲಿಲ್ಲ.

"ಏಳಿ ಮಕ್ಕಳೇ, ಊಟ ಮಾಡುವ" ಎಂದರು ಅಜ್ಜಿ. "ಗಂಜಿ ಕತ್ತಲಲ್ಲೂ ಗಂಜಿಯೇ ಅಲ್ಲವಾ?"